ಮಾವನ ಇನ್‌ಬಾಕ್ಸ್‌ಗೆ ಬೀಳುವ ಕಸ: ಸ್ಪ್ಯಾಮ್ ಎಲ್ಲಿಂದ ಬರುತ್ತದೆ, ಕಡಿಮೆ ಮಾಡುವುದು ಹೇಗೆ?

ಸಾಗರದ ಹತ್ತಿರ ನನ್ನ ಸೋದರಮಾವನದು ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ನಾಲ್ಕು ಮಷಿನ್, ಆರು ಜನ ಕೆಲಸದವರು. ಹೋದ ಮಳೆಗಾಲದಲ್ಲಿ ಒಂದು ದಿನ ಫೋನ್ ಮಾಡಿ, "ಈ ಮೇಲ್ ತೆಗೆಯೋದೇ ಬೇಜಾರು ಮಾರಾಯ. ಬೆಳಿಗ್ಗೆ ಎದ್ರೆ ಅರವತ್ತು ಬಂದು ಬಿದ್ದಿರ್ತವೆ, ನಮ್ಗೆ ಬೇಕಾದ್ದು ಅದ್ರಲ್ಲಿ ಎರಡು" ಅಂದರು.

ಭಾನುವಾರ ಹೋಗಿ ಲ್ಯಾಪ್‌ಟಾಪ್ ಮುಂದೆ ಕೂತೆ. ಇನ್‌ಬಾಕ್ಸ್ ತುಂಬ ಕಸ ಇದ್ದದ್ದು ನಿಜ. ನಿಮ್ಮ ವೆಬ್‌ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ ಎನ್ನುವವರು, ಬಿಸಿನೆಸ್ ಲೋನ್ ಕೊಡುವವರು, ಲಕ್ಷ ಡಾಲರಿನ ಆರ್ಡರ್ ಇದೆ ಎಂದು ಜಿಪ್ ಫೈಲ್ ಕಳಿಸಿದವರು. ಆದರೆ ದೊಡ್ಡ ನಷ್ಟ ಇದ್ದದ್ದು ಬೇರೆ ಕಡೆ. ಸ್ಪ್ಯಾಮ್ ಫೋಲ್ಡರ್ ತೆರೆದರೆ ಅಲ್ಲಿ ಜರ್ಮನಿಯ ಖರೀದಿದಾರರೊಬ್ಬರ ಮೇಲ್ 19 ದಿನದಿಂದ ಬಿದ್ದಿತ್ತು. ಹತ್ತು ಇಂಚಿನ ತಟ್ಟೆ, ಮೊದಲಿಗೆ ಹತ್ತು ಸಾವಿರ, ರೇಟ್ ತಿಳಿಸಿ ಎಂದು ಕೇಳಿದ್ದರು. ಕೂಡಲೇ ಉತ್ತರ ಬರೆದೆವು. ಬೇರೆಯವರಿಗೆ ಆರ್ಡರ್ ಕೊಟ್ಟಾಯಿತು ಅಂತ ಮರುದಿನ ಬೆಳಿಗ್ಗೆ ಬಂತು. ಮಾವ ಏನೂ ಅನ್ನಲಿಲ್ಲ. ಎದ್ದು ಹೋಗಿ ಓಡುತ್ತಿದ್ದ ಮಷಿನ್ ಒಂದನ್ನು ಆಫ್ ಮಾಡಿ ಬಂದರು.

ಸಣ್ಣ ವ್ಯಾಪಾರದವರಿಗೆ ಸ್ಪ್ಯಾಮ್‌ನಿಂದ ತೊಂದರೆ ಎರಡು. ಬೇಡದ್ದು ಬರುತ್ತದೆ, ಬೇಕಾದ್ದು ಅದರ ಜೊತೆ ಕಳೆದುಹೋಗುತ್ತದೆ. ಮೊದಲನೆಯದನ್ನು ತಡೆಯಲು ಹೋಗಿ ಎರಡನೆಯದನ್ನು ಹೆಚ್ಚು ಮಾಡಿಕೊಳ್ಳುವುದು ಬಹಳ ಸುಲಭ. ಹಾಗಾಗಬಾರದು ಅಂದರೆ ಒಳಗೆ ಏನು ನಡೆಯುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು.

## ಸ್ಪ್ಯಾಮ್ ಅಂದರೆ ಯಾವುದು?

ನಾವು ಕೇಳದೆಯೇ, ರಾಶಿ ಜನಕ್ಕೆ ಒಟ್ಟಿಗೆ ಕಳಿಸಿದ ಮೇಲ್ ಎಲ್ಲವೂ ಸ್ಪ್ಯಾಮ್. ಸ್ಪ್ಯಾಮ್ ಎಂಬುದು ಮೂಲದಲ್ಲಿ ಅಮೆರಿಕದಲ್ಲಿ 1937ರಲ್ಲಿ ಮಾರುಕಟ್ಟೆಗೆ ಬಂದ ಡಬ್ಬಿ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ಟಿವಿ ಹಾಸ್ಯವೊಂದರಲ್ಲಿ ಹೋಟೆಲಿನ ಮೆನುವಿನ ತುಂಬ ಅದೇ ಪದ. ಮಾತಾಡಲು ಬಿಡದಷ್ಟು ಸಲ ಅದನ್ನೇ ಕೂಗುತ್ತಾರೆ. ಬೇಡದ ಸಂದೇಶಗಳಿಗೆ ಆ ಹೆಸರು ಅಂಟಿಕೊಂಡಿತು. ಹೆಸರು ಅಂಟುವ ಮೊದಲೇ ಕೆಲಸ ಶುರುವಾಗಿತ್ತು ಅನ್ನಿ. 1978ರ ಮೇ ತಿಂಗಳಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುರ್ಕ್ ಎಂಬವರು ಇಂಟರ್ನೆಟ್‌ನ ಹಿರಿಯಣ್ಣ ಅರ್ಪಾನೆಟ್‌ನಲ್ಲಿ ಸುಮಾರು 400 ಜನರಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿದ್ದರು. ಜನ ಬೈದರು, ಕಂಪ್ಯೂಟರೂ ಮಾರಾಟವಾದವು.

ಮಾವನ ಇನ್‌ಬಾಕ್ಸ್‌ನಲ್ಲಿ ಮೂರು ಜಾತಿಯ ಮೇಲ್ ಬೆರೆತು ಬಿದ್ದಿತ್ತು. ಒಂದು, ಅವರೇ ಎಲ್ಲೋ ಟಿಕ್ ಹಾಕಿ ಬರಮಾಡಿಕೊಂಡ ಕಂಪನಿಗಳ ಜಾಹೀರಾತು. ಇನ್ನೊಂದು, ಗೊತ್ತಿಲ್ಲದವರ ಜಾಹೀರಾತು. ಮೂರನೆಯದು ಮೋಸದ ಮೇಲ್, ಅಂದರೆ ಪಾಸ್‌ವರ್ಡ್ ಅಥವಾ ದುಡ್ಡು ಕಸಿಯಲು ಹಾಕಿದ ಗಾಳ. ಇದಕ್ಕೆ ಫಿಶಿಂಗ್ ಎನ್ನುತ್ತಾರೆ. ಮೂರಕ್ಕೂ ಮದ್ದು ಬೇರೆ ಬೇರೆ.

## ಯಾರೂ ಕೊಳ್ಳುವುದಿಲ್ಲ, ಆದರೂ ಯಾಕೆ ಕಳಿಸುತ್ತಾರೆ?

ಯಾರಾದರೂ ಕೊಳ್ಳುತ್ತಾರೆ, ಅದಕ್ಕೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಸ್ಪ್ಯಾಮ್ ಕಳಿಸುವ ಜಾಲವೊಂದರ ಒಳಹೊಕ್ಕು ಲೆಕ್ಕ ಹಾಕಿದರು. ಔಷಧಿ ಜಾಹೀರಾತಿನ ಸುಮಾರು 35 ಕೋಟಿ ಮೇಲ್ ಹೋದದ್ದಕ್ಕೆ ಕೊಳ್ಳಲು ಮುಂದಾದವರು 28 ಜನ. ಹ್ಯಾಂಡ್‌ಬಿಲ್ ಹಂಚುವವನಿಗೆ ಈ ಲೆಕ್ಕ ಗಿಟ್ಟುವುದಿಲ್ಲ, ಅಚ್ಚು ಹಾಕಿಸಿದ ಖರ್ಚೇ ಹುಟ್ಟುವುದಿಲ್ಲ. ಮೇಲ್‌ಗೆ ಕಾಗದವೂ ಇಲ್ಲ, ಹಂಚುವ ಹುಡುಗರ ಕೂಲಿಯೂ ಇಲ್ಲ. ಎಷ್ಟೋ ಸಲ ಕಂಪ್ಯೂಟರ್ ಕೂಡ ಅವರದ್ದಲ್ಲ. ವೈರಸ್ ಹೊಕ್ಕ ಬೇರೆಯವರ ಕಂಪ್ಯೂಟರುಗಳಿಂದಲೇ ಮೇಲ್ ಹೊರಡುತ್ತದೆ. ಇಂಥ ಕಂಪ್ಯೂಟರುಗಳ ದಂಡಿಗೆ ಬಾಟ್‌ನೆಟ್ ಎಂದು ಹೆಸರು. 2008ರ ನವೆಂಬರ್‌ನಲ್ಲಿ, ಇಂಥ ದಂಡುಗಳನ್ನು ಆಡಿಸುವ ಕಂಪ್ಯೂಟರುಗಳಿಗೆ ಜಾಗ ಕೊಟ್ಟಿದ್ದ ಅಮೆರಿಕದ ಮೆಕೊಲೊ ಎಂಬ ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಡಿದಾಗ ಜಗತ್ತಿನ ಸ್ಪ್ಯಾಮ್ ಒಮ್ಮೆಲೇ ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೆಲವೇ ತಿಂಗಳಲ್ಲಿ ಮತ್ತೆ ಮೇಲೆ ಬಂತು. ಇದು ಪೂರ್ತಿ ನಿಲ್ಲುವ ವಸ್ತುವಲ್ಲ. ಕಡಿಮೆ ಮಾಡಿಕೊಳ್ಳಬಹುದು, ಅಷ್ಟೇ.

## ನಮ್ಮ ವಿಳಾಸ ಅವರಿಗೆ ಸಿಕ್ಕಿದ್ದು ಹೇಗೆ?

ಮೊದಲ ದಾರಿ ನಮ್ಮದೇ ವೆಬ್‌ಸೈಟ್. ಪುಟದಿಂದ ಪುಟಕ್ಕೆ ಓಡಾಡುತ್ತಾ @ ಗುರುತು ಇರುವ ಪದಗಳನ್ನೆಲ್ಲ ಹೆಕ್ಕಿಕೊಳ್ಳುವ ಪ್ರೋಗ್ರಾಮ್‌ಗಳಿವೆ. ಹಿತ್ತಲಲ್ಲಿ ಬಿದ್ದ ಗೋಟಡಿಕೆ ಆರಿಸಿದ ಹಾಗೆ. ಮಾವನ ವಿಳಾಸ ವೆಬ್‌ಸೈಟ್‌ನ ಪ್ರತಿ ಪುಟದ ಅಡಿಯಲ್ಲೂ ಇತ್ತು.

ಎರಡನೆಯದು ಡೊಮೇನ್ ನೋಂದಣಿ. ವೆಬ್‌ಸೈಟಿನ ಹೆಸರನ್ನು, ಅಂದರೆ ಡೊಮೇನನ್ನು ಕೊಂಡವರ ಮೇಲ್ ವಿಳಾಸ ಮೊದಲೆಲ್ಲ ಯಾರು ಬೇಕಾದರೂ ನೋಡುವ ಹಾಗೆ ತೆರೆದಿರುತ್ತಿತ್ತು. ಯುರೋಪಿನ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು 2018ರ ಮೇನಲ್ಲಿ ಜಾರಿಗೆ ಬಂದ ಮೇಲೆ ಬಹುತೇಕ ಕಡೆ ಅದನ್ನು ಮುಚ್ಚಿದರು. ಮಾವ ಡೊಮೇನ್ ಕೊಂಡದ್ದು 2016ರಲ್ಲಿ. ಬಾಗಿಲು ಹಾಕುವ ಹೊತ್ತಿಗೆ ಪಟ್ಟಿ ಹೊರಗೆ ಹೋಗಿ ಎರಡು ವರ್ಷ ಆಗಿತ್ತು.

ಆಮೇಲೆ ವಸ್ತುಪ್ರದರ್ಶನ. ಸ್ಟಾಲ್‌ನ ಗಾಜಿನ ಬೌಲ್‌ಗೆ ಹಾಕಿದ ವಿಸಿಟಿಂಗ್ ಕಾರ್ಡ್, ಲಕ್ಕಿ ಡ್ರಾ ಚೀಟಿ, ವ್ಯಾಪಾರಿಗಳ ಪಟ್ಟಿ ಮಾಡುವ ಪೋರ್ಟಲ್‌ಗಳಲ್ಲಿ ತೆರೆದ ಉಚಿತ ಖಾತೆ. ಇವೆಲ್ಲ ಎಕ್ಸೆಲ್ ಹಾಳೆಗಳಾಗಿ ಕೈಯಿಂದ ಕೈಗೆ ಮಾರಾಟವಾಗುತ್ತವೆ. ಯಾವುದೋ ಕಂಪನಿಯ ಡೇಟಾ ಸೋರಿದರೆ ಅದರಲ್ಲೂ ನಮ್ಮ ವಿಳಾಸ ಇರುತ್ತದೆ.

ಇವ್ಯಾವುದೂ ಇಲ್ಲದಿದ್ದರೂ ಊಹೆ ಅನ್ನುವುದೊಂದು ಇದೆಯಲ್ಲ. ಡೊಮೇನ್ ಹೆಸರು ಗೊತ್ತಿದ್ದರೆ ಅದರ ಹಿಂದೆ ಇನ್ಫೋ, ಸೇಲ್ಸ್, ಅಡ್ಮಿನ್, ಅಕೌಂಟ್ಸ್ ಎಂದು ಒಂದೊಂದೇ ಹಾಕಿ ಕಳಿಸುತ್ತಾರೆ. ಮಾವನ ಖಾತೆಯಲ್ಲಿ ಕ್ಯಾಚ್-ಆಲ್ ಎಂಬ ಸೆಟ್ಟಿಂಗ್ ಆನ್ ಆಗಿತ್ತು. ಅದು ಆನ್ ಇದ್ದರೆ ಡೊಮೇನ್ ಹಿಂದೆ ಯಾವ ಹೆಸರು ಹಾಕಿದರೂ ಮೇಲ್ ಬಂದು ಬೀಳುತ್ತದೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ "ಒಂದೂ ಮೇಲ್ ಮಿಸ್ ಆಗಬಾರದು" ಅಂತ ಒಳ್ಳೆಯ ಮನಸ್ಸಿನಿಂದಲೇ ಹಾಕಿಟ್ಟಿದ್ದ. ಅರವತ್ತರಲ್ಲಿ ಇಪ್ಪತ್ತು ಬರುತ್ತಿದ್ದದ್ದು ಯಾರೂ ಇಲ್ಲದ ಹೆಸರುಗಳಿಗೆ.

## ಕಳಿಸಿದವರ ಹೆಸರನ್ನು ನಂಬಬಹುದೇ?

ಇನ್‌ಲ್ಯಾಂಡ್ ಲೆಟರ್ ನೆನಪಿದೆಯಾ? ಹಿಂಬದಿಯಲ್ಲಿ ಕಳಿಸಿದವರ ವಿಳಾಸ ಬರೆಯುವ ಜಾಗ ಇರುತ್ತದೆ. ಅಲ್ಲಿ ನಾನು ಪಕ್ಕದ ಮನೆಯವರ ಹೆಸರು ಬರೆದರೂ ಪೋಸ್ಟ್‌ಮ್ಯಾನ್ ಕೇಳುವುದಿಲ್ಲ. ಅವರ ಕೆಲಸ ಮುಟ್ಟಿಸುವುದು. ಇ-ಮೇಲ್ ಕೂಡ ಹಾಗೆಯೇ ಹುಟ್ಟಿದ್ದು. ಮೇಲ್ ಒಂದು ಸರ್ವರ್‌ನಿಂದ, ಅಂದರೆ ಮೇಲ್ ಸಾಗಿಸುವ ಕಂಪ್ಯೂಟರಿನಿಂದ, ಇನ್ನೊಂದಕ್ಕೆ ಹೋಗುವ ಪದ್ಧತಿಗೆ ಎಸ್‌ಎಂಟಿಪಿ ಎಂದು ಹೆಸರು. ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ 1982ರಲ್ಲಿ ಅದರ ನಿಯಮ ಬರೆದಾಗ ಈ ಜಾಲದಲ್ಲಿ ಇದ್ದವರು ವಿಶ್ವವಿದ್ಯಾಲಯದವರು, ಸಂಶೋಧಕರು. ಹೆಚ್ಚುಕಡಿಮೆ ಎಲ್ಲ ಗೊತ್ತಿದ್ದ ಜನ. "ನೀನು ನೀನೇನಾ?" ಎಂದು ಕೇಳುವ ಏರ್ಪಾಡು ಅದರಲ್ಲಿ ಇರಲಿಲ್ಲ. ಇವತ್ತು ನಮ್ಮ ಹೆಸರಿನಿಂದ ನಮಗೇ ಮೇಲ್ ಬರಲು ಕಾರಣ ಈ ಹಳೇ ನಂಬಿಕೆ.

## ಫಿಲ್ಟರ್ ಹೇಗೆ ತೂಗಿ ನೋಡುತ್ತದೆ?

ಮಂಡಿಯಲ್ಲಿ ಅಡಿಕೆ ನೋಡುವವರನ್ನು ಗಮನಿಸಿದ್ದೀರಾ? ಒಂದು ಹಿಡಿ ತೆಗೆದು, ಬಣ್ಣ ನೋಡಿ, ಒಂದನ್ನು ಒಡೆದು, ಯಾರ ಮನೆಯ ಅಡಿಕೆ ಎಂದು ಕೇಳಿ, ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಬೇರೆ ಮಾಡುತ್ತಾರೆ. ಒಂದೇ ಗುರುತಿನಿಂದ ಹೇಳುವುದಿಲ್ಲ. ಸ್ಪ್ಯಾಮ್ ಫಿಲ್ಟರ್ ಕೂಡ ಹಲವು ಗುರುತುಗಳಿಗೆ ಅಂಕ ಕೊಟ್ಟು ಕೂಡಿಸುತ್ತದೆ.

ಮೇಲ್ ಹೊರಟ ಸರ್ವರ್‌ಗೆ ಕೆಟ್ಟ ಹೆಸರಿದೆಯೇ ಎಂಬುದು ಒಂದು. ಅಂಥ ಸರ್ವರ್‌ಗಳ ಕಪ್ಪುಪಟ್ಟಿ ಇಡುವ ಸಂಸ್ಥೆಗಳಿವೆ. 1998ರಲ್ಲಿ ಶುರುವಾದ ಸ್ಪ್ಯಾಮ್‌ಹೌಸ್ ಇವುಗಳಲ್ಲಿ ದೊಡ್ಡದು. ಕಳಿಸಿದವರ ಹೆಸರು ಅಸಲಿಯೇ ಎಂಬುದು ಇನ್ನೊಂದು. ಆಮೇಲೆ ಬರಹ. ಯಾವ ಪದಗಳು ಕಸದಲ್ಲಿ ಜಾಸ್ತಿ ಬರುತ್ತವೆ, ಯಾವುವು ಒಳ್ಳೆಯ ಮೇಲ್‌ನಲ್ಲಿ ಬರುತ್ತವೆ ಎಂದು ಎಣಿಸಿ ಸಾಧ್ಯತೆ ಲೆಕ್ಕ ಹಾಕುವ ಉಪಾಯವನ್ನು ಪ್ರೋಗ್ರಾಮರ್ ಪಾಲ್ ಗ್ರಹಾಂ 2002ರಲ್ಲಿ ಜನಪ್ರಿಯಗೊಳಿಸಿದರು. ಗಣಿತ ಮಾತ್ರ 18ನೇ ಶತಮಾನದ ಥಾಮಸ್ ಬೇಯ್ಸ್ ಅವರದ್ದು. ಈಗಿನ ಫಿಲ್ಟರ್‌ಗಳು ಇನ್ನೂ ಜಾಣ. ಆದರೂ ಮೂಲ ತತ್ವ ಅದೇ: ಬಳಸುವವರು ಯಾವುದನ್ನು ಕಸ ಅಂದರು, ಯಾವುದನ್ನು ಅಲ್ಲ ಅಂದರು ಎಂಬುದನ್ನು ನೋಡಿ ಕಲಿಯುವುದು.

ಜರ್ಮನಿಯ ಮೇಲ್ ಎಡವಿದ್ದು ಇಲ್ಲೇ. ಜಿಮೇಲ್‌ನಲ್ಲಿ ಸ್ಪ್ಯಾಮ್ ಆದ ಮೇಲ್ ತೆರೆದರೆ ತಲೆಯ ಮೇಲೆ ಕಾರಣ ಬರೆದಿರುತ್ತದೆ. ಇದರ ಮೇಲೆ, ಹಿಂದೆ ಸ್ಪ್ಯಾಮ್ ಎಂದು ಗುರುತಿಸಿದ ಮೇಲ್‌ಗಳ ಥರವೇ ಇದೆ ಎಂದಿತ್ತು. ನಿಜವೇ. "ನಿಮ್ಮ ಉತ್ಪನ್ನದಲ್ಲಿ ಆಸಕ್ತಿ ಇದೆ, ದರಪಟ್ಟಿ ಕಳಿಸಿ" ಎಂದು ಮೋಸಗಾರರೂ ಬರೆಯುತ್ತಾರೆ, ಗಿರಾಕಿಯೂ ಬರೆಯುತ್ತಾರೆ. ಬಡಪಾಯಿ ಫಿಲ್ಟರ್ ಏನು ಮಾಡೀತು?

## ಆ ವಾರ ನಾವು ಮಾಡಿದ್ದು

ಮೊದಲು ಕ್ಯಾಚ್-ಆಲ್ ಆಫ್ ಮಾಡಿದೆವು. ನಿಜವಾಗಿ ಬಳಸುವ ಹೆಸರುಗಳನ್ನು ಮಾತ್ರ ಉಳಿಸಿದೆವು. ಐದು ನಿಮಿಷದ ಕೆಲಸ, ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದೂ ಇದೇ.

ಆಮೇಲೆ ವಿಳಾಸಗಳನ್ನು ಬೇರೆ ಮಾಡಿದೆವು. ಮನೆಗೆ ಹೆಬ್ಬಾಗಿಲು ಬೇರೆ, ಹಿತ್ತಿಲ ಬಾಗಿಲು ಬೇರೆ ಇರುವುದಿಲ್ಲವೇ, ಹಾಗೆ. ಹೊಸ ಗಿರಾಕಿಗಳಿಗೆ ಎಂದು ಬೋರ್ಡ್, ಕಾರ್ಡ್ ಮೇಲೆ ಹಾಕುವ ವಿಳಾಸ ಒಂದು. ಬ್ಯಾಂಕ್, ಜಿಎಸ್‌ಟಿ, ಆಡಿಟರ್, ಹಳೆಯ ಗಿರಾಕಿಗಳಿಗೆ ಮಾತ್ರ ಕೊಡುವ, ಎಲ್ಲೂ ಪ್ರಕಟಿಸದ ವಿಳಾಸ ಇನ್ನೊಂದು. ಪೋರ್ಟಲ್, ಪ್ರದರ್ಶನಗಳಿಗೆ ಮೂರನೆಯದು. ಜಿಮೇಲ್ ಇರುವವರಿಗೆ ಒಂದು ಸುಲಭ ಉಪಾಯವೂ ಇದೆ. ನಿಮ್ಮ ಹೆಸರಿನ ಮುಂದೆ, @ ಗುರುತಿಗೆ ಮೊದಲು, ಪ್ಲಸ್ ಚಿಹ್ನೆ ಹಾಕಿ ಯಾವ ಪದ ಬೇಕಾದರೂ ಸೇರಿಸಬಹುದು. ಮೇಲ್ ನಿಮಗೇ ಬರುತ್ತದೆ. ಪ್ರದರ್ಶನದಲ್ಲಿ "ಮೇಳ" ಎಂದು ಸೇರಿಸಿ ಕೊಟ್ಟಿದ್ದರೆ, ನಾಳೆ ಆ ವಿಳಾಸಕ್ಕೆ ಲೋನ್ ಮೇಲ್ ಬಂದಾಗ ಸೋರಿದ್ದು ಎಲ್ಲಿ ಎಂದು ಗೊತ್ತಾಗುತ್ತದೆ. ಆ ಪದವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ.

ವೆಬ್‌ಸೈಟ್‌ನಲ್ಲಿ ವಿಳಾಸ ತೆಗೆದು ಅದರ ಬದಲು ಫಾರ್ಮ್ ಹಾಕಿದೆವು. ಫಾರ್ಮನ್ನೂ ಬಾಟ್‌ಗಳು, ಅಂದರೆ ತಾವೇ ಓಡಾಡುವ ಪ್ರೋಗ್ರಾಮ್‌ಗಳು, ತುಂಬುತ್ತವೆ. ಅದಕ್ಕೆ ಹೆಗ್ಗಣದ ಬೋನಿನ ಥರ ಒಂದು ಉಪಾಯ: ಮನುಷ್ಯರ ಕಣ್ಣಿಗೆ ಕಾಣದ ಒಂದು ಖಾಲಿ ಕಲಂ ಬಿಡುವುದು. ಬಾಟ್ ಎಲ್ಲವನ್ನೂ ತುಂಬುವ ಆತುರದಲ್ಲಿ ಅದನ್ನೂ ತುಂಬುತ್ತದೆ. ಆ ಕಲಂ ತುಂಬಿ ಬಂದ ಫಾರ್ಮ್ ಎಲ್ಲ ನೇರ ಕಸಕ್ಕೆ. ಚಿತ್ರ ಗುರುತಿಸಿ ಎನ್ನುವ ಕ್ಯಾಪ್ಚಾಕ್ಕಿಂತ ಗಿರಾಕಿಗೆ ಇದರಲ್ಲಿ ಕಿರಿಕಿರಿ ಕಡಿಮೆ.

ಅನ್‌ಸಬ್‌ಸ್ಕ್ರೈಬ್ ಒತ್ತಬೇಕೋ ಬೇಡವೋ ಎಂದು ಎಲ್ಲರೂ ಕೇಳುತ್ತಾರೆ. ನಿಮಗೆ ಗೊತ್ತಿರುವ, ನೀವು ಏನೋ ಕೊಂಡಿರುವ ಕಂಪನಿಯಾದರೆ ಒತ್ತಿ, ನಿಲ್ಲುತ್ತದೆ. ಹೆಸರೇ ಕೇಳದವರ ಮೇಲ್‌ನೊಳಗಿನ ಲಿಂಕ್ ಒತ್ತಬೇಡಿ. ಈ ವಿಳಾಸ ನೋಡುವವರು ಇದ್ದಾರೆ ಎಂದು ನೀವೇ ಹೇಳಿದಂತಾಗುತ್ತದೆ. ಅಲ್ಲಿ "ರಿಪೋರ್ಟ್ ಸ್ಪ್ಯಾಮ್" ಒತ್ತಿ. ಮಾವ ಇಷ್ಟು ವರ್ಷ ಎಲ್ಲವನ್ನೂ ಸುಮ್ನೆ ಡಿಲೀಟ್ ಮಾಡುತ್ತಿದ್ದರು. ಇದು ಕಸ ಎಂದು ಫಿಲ್ಟರ್‌ಗೆ ತಿಳಿಯುವುದು ರಿಪೋರ್ಟ್ ಒತ್ತಿದಾಗ. ಹಾಗೆಂದು ನೀವೇ ಬರಮಾಡಿಕೊಂಡದ್ದಕ್ಕೆ ಸ್ಪ್ಯಾಮ್ ಒತ್ತುವುದೂ ಸರಿಯಲ್ಲ, ಫಿಲ್ಟರ್ ತಪ್ಪು ಪಾಠ ಕಲಿಯುತ್ತದೆ.

ಇನ್ನು ಕಳೆದುಹೋಗುವ ಆರ್ಡರ್‌ಗಳ ವಿಷಯ. ಜಿಮೇಲ್‌ನಲ್ಲಿ ಫಿಲ್ಟರ್ ಮಾಡುವಾಗ "ಎಂದೂ ಸ್ಪ್ಯಾಮ್‌ಗೆ ಕಳಿಸಬೇಡ" ಎಂಬ ಆಯ್ಕೆ ಸಿಗುತ್ತದೆ. "ಅರೆಕಾ", "ಪಾಮ್ ಲೀಫ್ ಪ್ಲೇಟ್" ಎಂಬ ಪದಗಳಿರುವ ಮೇಲ್‌ಗೆಲ್ಲ ಅದನ್ನು ಹಾಕಿದೆವು. ನಾಲ್ಕು ಕಸ ಒಳಗೆ ಬಂದರೂ ಪರವಾಗಿಲ್ಲ, ಒಂದು ಗಿರಾಕಿ ಹೊರಗೆ ಉಳಿಯುವುದು ಬೇಡ. ಇದು ವ್ಯಾಪಾರಕ್ಕೆ ತಕ್ಕ ಲೆಕ್ಕ. ಮನೆಯ ಮೇಲ್‌ಗೆ ಬೇರೆ ಇರಬಹುದು. ಜೊತೆಗೆ ವಾರಕ್ಕೆ ಎರಡು ಸಲ ಸ್ಪ್ಯಾಮ್ ಫೋಲ್ಡರ್ ನೋಡಲೇಬೇಕು. 30 ದಿನ ಆದ ಮೇಲೆ ಜಿಮೇಲ್ ತಾನೇ ಅಳಿಸಿಬಿಡುತ್ತದೆ. ಒಳ್ಳೆಯದು ಸಿಕ್ಕರೆ "ನಾಟ್ ಸ್ಪ್ಯಾಮ್" ಒತ್ತಿದರೆ ಮುಂದಿನ ಸಲಕ್ಕೆ ಅದೂ ಪಾಠ.

## ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್: ಹೆಸರು ಮಾತ್ರ ಗಡಸು

ಸ್ವಂತ ಡೊಮೇನ್ ಇರುವವರಿಗೆ ಈ ಭಾಗ. ಪ್ರತಿ ಡೊಮೇನ್‌ಗೂ ಡಿಎನ್‌ಎಸ್ ಎಂಬ ನೋಟಿಸ್ ಬೋರ್ಡ್ ಇರುತ್ತದೆ. ಅಲ್ಲಿ ಅಂಟಿಸಿದ್ದನ್ನು ಜಗತ್ತಿನ ಯಾವ ಮೇಲ್ ಸರ್ವರ್ ಬೇಕಾದರೂ ಓದಬಹುದು. ಕಳಿಸಿದವರ ಹೆಸರು ಅಸಲಿಯೇ ಎಂದು ತಿಳಿಯಲು ಮೂರು ನೋಟಿಸ್ ಅಂಟಿಸುತ್ತಾರೆ.

ಮಾವನಿಗೆ ಹೇಳಿದ್ದು ಹೀಗೆ. ನಿಮ್ಮ ತಟ್ಟೆ ಒಯ್ಯುವ ಲಾರಿಗಳ ನಂಬರ್ ಪಟ್ಟಿಯನ್ನು ಚೆಕ್‌ಪೋಸ್ಟ್‌ಗೆ ಕೊಟ್ಟಿದ್ದೀರಿ ಅಂದುಕೊಳ್ಳಿ. ಬೇರೆ ಲಾರಿ ನಿಮ್ಮ ಹೆಸರು ಹೇಳಿಕೊಂಡು ಬಂದರೆ ಅನುಮಾನ. ಅದು ಎಸ್‌ಪಿಎಫ್: ನಿಮ್ಮ ಪರವಾಗಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ. ಇನ್ನು ಪೆಟ್ಟಿಗೆಗೆ ಹಾಕಿದ ಮುದ್ರೆ. ಅದು ಅಸಲಿಯೇ, ದಾರಿಯಲ್ಲಿ ಯಾರಾದರೂ ಬಿಚ್ಚಿದ್ದಾರೆಯೇ ಎಂದು ನೋಡಬಹುದು. ಅದು ಡಿಕಿಮ್. ಲಾರಿ ನಂಬರೂ ಹೊಂದುತ್ತಿಲ್ಲ, ಮುದ್ರೆಯೂ ಹೊಂದುತ್ತಿಲ್ಲ ಅಂದರೆ ಚೆಕ್‌ಪೋಸ್ಟ್‌ನವರು ಏನು ಮಾಡಬೇಕು? ಅದನ್ನು ಹೇಳುವ ಚೀಟಿ ಡಿಮಾರ್ಕ್. ಬಿಟ್ಟುಬಿಡಿ ಆದರೆ ನನಗೆ ವರದಿ ಕೊಡಿ, ಪಕ್ಕಕ್ಕೆ ಇಡಿ, ವಾಪಸ್ ಕಳಿಸಿ, ಹೀಗೆ ಮೂರರಲ್ಲಿ ಒಂದನ್ನು ಅದರಲ್ಲಿ ಬರೆಯಬಹುದು.

"ಇದ್ರಿಂದ ನಂಗೆ ಬರೋ ಕಸ ಕಮ್ಮಿ ಆಗ್ತದಾ?" ಎಂದು ಮಾವ ಕೇಳಿದರು. ಸರಿಯಾದ ಪ್ರಶ್ನೆಯೇ. ನಿಮ್ಮ ಹೆಸರಿನಿಂದಲೇ ನಿಮಗೆ ಬರುವ ನಕಲಿ ಮೇಲ್ ನಿಲ್ಲುತ್ತದೆ, ಉಳಿದದ್ದಕ್ಕೆ ದೊಡ್ಡ ವ್ಯತ್ಯಾಸ ಇಲ್ಲ. ಇದರ ಉಪಯೋಗ ಆಚೆ ಕಡೆ: ನೀವು ಕಳಿಸಿದ ಕೊಟೇಶನ್ ಗಿರಾಕಿಯ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುವುದು ಕಡಿಮೆಯಾಗುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನು ಬಿಗಿ ಮಾಡಿವೆ. ಕಳಿಸುವವರು ಯಾರೇ ಆದರೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಬೇಕು; ಜಾಹೀರಾತಿನ ಮೇಲ್‌ನಲ್ಲಿ ಒಂದೇ ಒತ್ತಿಗೆ ಬಿಡುಗಡೆಯಾಗುವ ಬಟನ್ ಬೇಕು; ಸ್ಪ್ಯಾಮ್ ಎಂಬ ದೂರು 0.3%ಕ್ಕಿಂತ ಕೆಳಗಿರಬೇಕು.

ಡೊಮೇನ್ ಮಾರಿದವರ ಸಹಾಯ ಪುಟದಲ್ಲಿ ಮೂರನ್ನೂ ಅಂಟಿಸುವ ಕ್ರಮ ಸಿಗುತ್ತದೆ. ಎರಡು ತಪ್ಪು ಮಾತ್ರ ಮಾಡಬೇಡಿ. ಎಸ್‌ಪಿಎಫ್ ನೋಟಿಸ್ ಒಂದೇ ಇರಬೇಕು; ಎರಡು ಇದ್ದರೆ ಎರಡೂ ಲೆಕ್ಕಕ್ಕಿಲ್ಲ. ಇನ್ನೊಂದು, ಡಿಮಾರ್ಕನ್ನು ಮೊದಲ ದಿನವೇ "ವಾಪಸ್ ಕಳಿಸಿ" ಎಂದು ಇಡುವುದು. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕೂಡ ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸುತ್ತಿರಬಹುದು. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ನಿಮ್ಮದೇ ಬಿಲ್ ವಾಪಸ್ ಹೋಗುತ್ತದೆ. ಕೆಲವು ವಾರ ವರದಿ ನೋಡಿ, ಆಮೇಲೆ ಬಿಗಿ ಮಾಡಿ.

## ಕಸವಲ್ಲ, ಬಲೆ

ಫಿಲ್ಟರ್ ಹಿಡಿಯಲಾಗದ ಒಂದು ಜಾತಿ ಇದೆ. ಮಾಮೂಲಿ ಕಚ್ಚಾ ಮಾಲು ಕೊಡುವವರ ಹೆಸರಿನಲ್ಲಿ ಮೇಲ್ ಬರುತ್ತದೆ: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ದುಡ್ಡು ಹೊಸ ಖಾತೆಗೆ ಹಾಕಿ." ರಾಶಿ ಜನಕ್ಕೆ ಕಳಿಸಿದ್ದಲ್ಲ, ನಿಮಗೊಬ್ಬರಿಗೇ. ಅದರಲ್ಲಿ ಲಿಂಕ್ ಇಲ್ಲ, ಫೈಲ್ ಇಲ್ಲ. ಅಮೆರಿಕದ ಎಫ್‌ಬಿಐ ಲೆಕ್ಕದಲ್ಲಿ ಇಂಥ ವ್ಯಾಪಾರಿ ಮೇಲ್ ಮೋಸದಿಂದ 2023ರಲ್ಲಿ ಅಲ್ಲಿ ಹೋದ ದುಡ್ಡು ಸುಮಾರು 290 ಕೋಟಿ ಡಾಲರ್.

ಮೊಬೈಲ್‌ನಲ್ಲಿ ಕಳಿಸಿದವರ ಹೆಸರು ಮಾತ್ರ ಕಾಣುತ್ತದೆ, ಪೂರ್ತಿ ವಿಳಾಸ ಕಾಣುವುದಿಲ್ಲ. ಹೆಸರಿನ ಮೇಲೆ ಒತ್ತಿ ವಿಳಾಸ ನೋಡಿ. ಅಲ್ಲೂ ಮೋಸ ಇರುತ್ತದೆ: ಇಂಗ್ಲಿಷಿನ ಚಿಕ್ಕ ಆರ್ ಮತ್ತು ಎನ್ ಅಕ್ಷರ ಅಂಟಿಸಿ ಬರೆದರೆ ಎಂ ಥರವೇ ಕಾಣುತ್ತದೆ, ಅಲ್ವಾ? ಅದಕ್ಕೆ ಖಾತೆ ಬದಲಾಗಿದೆ ಎಂಬ ಮಾತು ಬಂದ ಕೂಡಲೇ ಫೋನ್ ಮಾಡಿ. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ, ನಿಮ್ಮ ಹತ್ತಿರ ಮೊದಲೇ ಇದ್ದ ನಂಬರಿಗೆ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕೆಲವು ಸಲ ಕಳ್ಳರು ಇರುವುದು ನಮ್ಮ ಮೇಲ್‌ಬಾಕ್ಸ್‌ನ ಒಳಗೇ. ಪಾಸ್‌ವರ್ಡ್ ಕದ್ದು, ಎಲ್ಲ ಮೇಲ್‌ನ ಪ್ರತಿ ತಮಗೂ ಬರುವಂತೆ ಫಾರ್ವರ್ಡ್ ಇಟ್ಟು ಸುಮ್ಮನೆ ಕಾಯುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಪಟ್ಟಿಯನ್ನು ಒಮ್ಮೆ ನೋಡಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ.

## ಕಾನೂನು ಇಲ್ಲವೇ?

ಫೋನ್ ಕರೆ ಮತ್ತು ಎಸ್‌ಎಂಎಸ್‌ಗೆ ಟೆಲಿಕಾಂ ನಿಯಂತ್ರಕ ಟ್ರಾಯ್‌ನ ಡಿಎನ್‌ಡಿ, ಅಂದರೆ ಜಾಹೀರಾತು ಬೇಡ ಎಂದು ಹೆಸರು ಬರೆಸುವ ಪಟ್ಟಿ, ಇದೆ, ಮೇಲ್‌ಗೆ ಅದು ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ 2003ರಿಂದ ಸ್ಪ್ಯಾಮ್ ಮೇಲ್‌ಗೇ ಎಂದು ಕಾನೂನಿದೆ. ನಮ್ಮಲ್ಲಿ ಹಾಗೆ ಪ್ರತ್ಯೇಕವಾದದ್ದು ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಒಪ್ಪಿಗೆ ಪಡೆದು ಡೇಟಾ ಬಳಸಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು ಎಂಬುದು ಅದರಲ್ಲಿದೆ.

ಇದು ನಮಗೂ ತಾಗುತ್ತದೆ. ಅದೇ ವಾರ ಮಾವನಿಗೆ "ಒಂದು ಲಕ್ಷ ವಿದೇಶಿ ಖರೀದಿದಾರರ ಮೇಲ್ ಪಟ್ಟಿ, ಬರೀ ಮೂರು ಸಾವಿರ ರೂಪಾಯಿ" ಎಂದು ಒಂದು ಮೇಲ್ ಬಂದಿತ್ತು. ಅವರು ಅದಕ್ಕೆ ಸ್ಟಾರ್ ಹಾಕಿ ಇಟ್ಟಿದ್ದರು. "ಮಾವ, ಈ ಪಟ್ಟಿಗೆ ಕಳಿಸಿದ್ರೆ ಅವರಿಗೆಲ್ಲ ನೀವೇ ಸ್ಪ್ಯಾಮ್" ಎಂದೆ. ಸ್ವಲ್ಪ ಹೊತ್ತು ನೋಡಿ, ಸ್ಟಾರ್ ತೆಗೆದರು. ಡಿಲೀಟ್ ಮಾಡಲು ಹೋದವರು ನಿಲ್ಲಿಸಿ, ರಿಪೋರ್ಟ್ ಸ್ಪ್ಯಾಮ್ ಒತ್ತಿದರು.

ಈಗ ಬೆಳಿಗ್ಗೆ ಹದಿನೈದರ ಆಸುಪಾಸು ಬರುತ್ತವೆ. ಗೂಗಲ್‌ನ ಮೊದಲ ಪುಟಕ್ಕೆ ತರುವವರು ಮಾತ್ರ ಇನ್ನೂ ಬಿಟ್ಟಿಲ್ಲ. ಸೋಮವಾರ, ಗುರುವಾರ ಸ್ಪ್ಯಾಮ್ ಫೋಲ್ಡರ್ ನೋಡುವ ಕೆಲಸವನ್ನು ಅತ್ತೆ ವಹಿಸಿಕೊಂಡಿದ್ದಾರೆ. ಹೋದ ವಾರ ಅಲ್ಲಿಂದ ಒಂದು ಮೇಲ್ ಎತ್ತಿ ಹೊರಗೆ ಹಾಕಿದರಂತೆ: ಶಿರಸಿ ಕಡೆಯ ಒಂದು ಮದುವೆ ಮನೆಯವರು, ಎಂಟುನೂರು ತಟ್ಟೆ, ನಾನೂರು ದೊನ್ನೆ.